ತಾಮ್ರದ ತಂತಿಗೂ ಆಕಾಶಕ್ಕೂ ಒಂದೇ ಸಮೀಕರಣವೇ?

ಪ್ರಶ್ನೆ: ಮೇಡಂ, ಲೋಹದ ಪಾಠದಲ್ಲಿ ಡ್ರೂಡ್ ಮಾದರಿ ಓದಿದೆವು. ಪ್ಲಾಸ್ಮಾ (ಎಲೆಕ್ಟ್ರಾನುಗಳು ಪರಮಾಣುಗಳಿಂದ ಬಿಡಿಸಿಕೊಂಡು ಓಡಾಡುವ ಅನಿಲ) ಪಾಠದಲ್ಲೂ ಅದೇ ಸಮೀಕರಣ ಬಂತು. ಗಟ್ಟಿ ತಾಮ್ರಕ್ಕೂ ತೆಳುವಾದ ಅನಿಲಕ್ಕೂ ಒಂದೇ ಲೆಕ್ಕ ಹೇಗೆ ಹೊಂದುತ್ತದೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಪೌಲ್ ಡ್ರೂಡ್ 1900ರಲ್ಲಿ ಇದನ್ನು ಬರೆದಾಗ ಎಲೆಕ್ಟ್ರಾನ್ ಪತ್ತೆಯಾಗಿ ಮೂರೇ ವರ್ಷವಾಗಿತ್ತು. ಲೋಹದೊಳಗೆ ಎಲೆಕ್ಟ್ರಾನುಗಳು ಅನಿಲದ ಕಣಗಳಂತೆ ಓಡಾಡುತ್ತವೆ ಅಂತಲೇ ಅವರು ಲೆಕ್ಕ ಶುರು ಮಾಡಿದ್ದು. ಅಂದಮೇಲೆ ಅದು ಪ್ಲಾಸ್ಮಾಕ್ಕೆ ಹೊಂದುವುದು ಸಹಜ, ಅಲ್ವಾ?

ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ತಳ್ಳುತ್ತದೆ, ಡಿಕ್ಕಿ ತಡೆಯುತ್ತದೆ. ಸಮೀಕರಣದಲ್ಲಿ ಇರುವುದು ಇಷ್ಟೇ. ಕ್ಷೇತ್ರ ಎಷ್ಟು ಬೇಗ ದಿಕ್ಕು ಬದಲಿಸುತ್ತದೆ, ಎಲೆಕ್ಟ್ರಾನ್ ಎಷ್ಟು ಬೇಗ ಬೇಗ ಡಿಕ್ಕಿ ಹೊಡೆಯುತ್ತದೆ? ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ.

ತಾಮ್ರದಲ್ಲಿ ಒಂದು ಎಲೆಕ್ಟ್ರಾನಿಗೆ ಸೆಕೆಂಡಿಗೆ ಸುಮಾರು 40 ಲಕ್ಷ ಕೋಟಿ ಡಿಕ್ಕಿ. ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನ ಮಾತ್ರ. ಹಾಗಾಗಿ ಡಿಕ್ಕಿಯದೇ ಮೇಲುಗೈ. ಓಮ್ ನಿಯಮ ಸಿಗುತ್ತದೆ, ತಂತಿ ಬಿಸಿಯಾಗುತ್ತದೆ. ಕೆಂಪು ಬೆಳಕು ಬಿದ್ದರೆ ಕಥೆ ಬೇರೆ. ಅದು ಸೆಕೆಂಡಿಗೆ 450 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಒಂದು ಡಿಕ್ಕಿಯ ಮೊದಲೇ ಎಲೆಕ್ಟ್ರಾನ್ ಹಲವು ಸಲ ಅತ್ತಿತ್ತ ಆಡಿ, ಬೆಳಕನ್ನು ವಾಪಸ್ ಕಳಿಸುತ್ತದೆ. ಲೋಹದ ಹೊಳಪು ಅದೇ. (ತಾಮ್ರ ನೀಲಿ, ಹಸಿರನ್ನು ಹೀರುವುದಕ್ಕೆ ಮಾತ್ರ ಈ ಮಾದರಿಯಲ್ಲಿ ಉತ್ತರವಿಲ್ಲ. ಅದಕ್ಕೆ ಕ್ವಾಂಟಮ್ ಬೇಕು.)

ಈಗ ಆಕಾಶ. ಇದು ನನಗೆ ತುಂಬಾ ಹತ್ತಿರದ ವಿಷಯ. ನಾನು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನೋಡಿಕೊಳ್ಳುತ್ತಿದ್ದವಳು. ದೂರದ ಊರಿನ ಕೇಳುಗರು ಬರೆಯುತ್ತಿದ್ದದ್ದು ರಾತ್ರಿ ಕಾರ್ಯಕ್ರಮದ ಬಗ್ಗೆಯೇ. ಹಗಲು ಅವರಿಗೆ ನಾವು ಕೇಳಿಸುತ್ತಲೇ ಇರಲಿಲ್ಲ. ಧಾರವಾಡದ 765 ಕಿಲೋಹರ್ಟ್ಜ್ ಅಲೆಯನ್ನೇ ತೆಗೆದುಕೊಳ್ಳಿ. 70–80 ಕಿ.ಮೀ. ಎತ್ತರದಲ್ಲಿ ಹಗಲು ಬಿಸಿಲಿನಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗಿರುತ್ತವೆ. ಗಾಳಿಯ ಅಣುಗಳೂ ಅಲ್ಲಿ ಸಾಕಷ್ಟಿವೆ. ಎಲೆಕ್ಟ್ರಾನಿಗೆ ಸೆಕೆಂಡಿಗೆ 10 ಲಕ್ಷದಿಂದ 1 ಕೋಟಿಯವರೆಗೆ ಡಿಕ್ಕಿ. ಸಮೀಕರಣದಲ್ಲಿ ಬರುವುದು ಆವರ್ತನದ 2π ಪಟ್ಟು, ಅಂದರೆ ಸುಮಾರು 48 ಲಕ್ಷ. ನೋಡಿ, ಎರಡೂ ಹತ್ತಿರ ಹತ್ತಿರ ಬಂದವು! ಅಲೆಯಿಂದ ಎಲೆಕ್ಟ್ರಾನ್ ಅತಿ ಜಾಸ್ತಿ ಶಕ್ತಿ ಕಸಿದು ಗಾಳಿಗೆ ಕೊಡುವುದು ಸರಿಯಾಗಿ ಇಂಥ ಕಡೆಯೇ. ಕತ್ತಲಾದ ಮೇಲೆ ಈ ಪದರ ಬಹುಪಾಲು ಕರಗುತ್ತದೆ. ಅಲೆ ಇನ್ನೂ ಮೇಲೇರುತ್ತದೆ. ಅಲ್ಲಿ ಡಿಕ್ಕಿ ಕಡಿಮೆ, ಎಲೆಕ್ಟ್ರಾನ್ ಜಾಸ್ತಿ. ಬೆಳಕು ಲೋಹದಿಂದ ಮರಳುವಂತೆ ಅಲೆ ನೆಲಕ್ಕೆ ಮರಳುತ್ತದೆ, ದೂರದ ಊರಿಗೆ.

ಒಂದು ಎಚ್ಚರಿಕೆ. ಡಿಕ್ಕಿ ಎಷ್ಟು ಸಲ ಅನ್ನುವುದನ್ನು ಈ ಮಾದರಿ ತಾನಾಗಿ ಹೇಳುವುದಿಲ್ಲ. ಅದನ್ನು ಹೊರಗಿನಿಂದ ತರಬೇಕು. ಪರೀಕ್ಷೆಯಲ್ಲಿ ಸುಮ್ನೆ ಸೂತ್ರ ಬರೆದು ಬಿಡಬೇಡಿ, ಆ ಸಂಖ್ಯೆ ಎಲ್ಲಿಂದ ಬಂತು ಅಂತ ಬರೆಯಿರಿ.

ಪ್ರಶ್ನೆ: ಬಿಸಿಯಾದರೆ ಲೋಹದ ರೋಧ ಹೆಚ್ಚುತ್ತದೆ, ಪ್ಲಾಸ್ಮಾದ್ದು ಇಳಿಯುತ್ತದಂತೆ. ನಿಜವೇ?
– ಭೌತಶಾಸ್ತ್ರ ಉಪನ್ಯಾಸಕ, ಹಾಸನ

ಉತ್ತರ: ಪೂರ್ತಿ ಅಯಾನೀಕರಿಸಿದ ಪ್ಲಾಸ್ಮಾದಲ್ಲಿ ನಿಜ. ಲೋಹದಲ್ಲಿ ಎಲೆಕ್ಟ್ರಾನಿಗೆ ಅಡ್ಡಿ ಜಾಲಕದ, ಅಂದರೆ ಸಾಲಾಗಿ ಜೋಡಿಸಿಕೊಂಡ ಪರಮಾಣುಗಳ ಕಂಪನ. ಬಿಸಿ ಏರಿದರೆ ಕಂಪನವೂ ಏರುತ್ತದೆ. ಪ್ಲಾಸ್ಮಾದಲ್ಲಿ ವೇಗದ ಎಲೆಕ್ಟ್ರಾನನ್ನು ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ) ಸೆಳೆತ ತಿರುಗಿಸುವುದೇ ಕಷ್ಟ. ಸುಮಾರು 1 ಕೋಟಿ ಡಿಗ್ರಿಯಲ್ಲಿ ಹೈಡ್ರೋಜನ್ ಪ್ಲಾಸ್ಮಾ ತಾಮ್ರದಷ್ಟೇ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ರೋಧ ಇಳಿದರೆ ಕರೆಂಟಿನಿಂದ ಹುಟ್ಟುವ ಬಿಸಿಯೂ ಇಳಿಯುತ್ತದೆ. ಹಾಗಾಗಿಯೇ ಟೋಕಮಾಕ್‌ಗಳಲ್ಲಿ (ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಲನ ಯಂತ್ರಗಳಲ್ಲಿ) ಕರೆಂಟು ಹರಿಸಿ ಕಾಯಿಸುವುದು ಒಂದು ಹಂತದ ನಂತರ ಸಾಲುವುದಿಲ್ಲ. ರೇಡಿಯೋ ಅಲೆಯನ್ನೋ ವೇಗದ ಪರಮಾಣುಗಳನ್ನೋ ಒಳಗೆ ಹೊಡೆಯಬೇಕಾಗುತ್ತದೆ.