ಹೆರಿಗೆಯಾಗಿ ತಿಂಗಳಾದರೂ ಅಳು, ಭಯ ನಿಂತಿಲ್ಲ. ಇದು ಸಹಜವೇ?

ಮೊದಲ ಎರಡು ವಾರದ ಅಳು ಸಹಜ. ತಿಂಗಳಾದರೂ ಬಿಡದಿದ್ದರೆ ಅದು ಖಿನ್ನತೆ ಅಥವಾ ಆತಂಕದ ಕಾಯಿಲೆ ಇರಬಹುದು, ಚಿಕಿತ್ಸೆಯಿಂದ ವಾಸಿಯಾಗುತ್ತದೆ.

ಬಸುರಿನಲ್ಲಿ ಮಾಸು (ಹೆರಿಗೆಯಾದ ಮೇಲೆ ಬೀಳುವ ಕಸ) ಪ್ರೊಜೆಸ್ಟೆರಾನ್ ಹಾರ್ಮೋನನ್ನು ಧಾರಾಳವಾಗಿ ತಯಾರಿಸುತ್ತದೆ. ಅದರಿಂದ ಹುಟ್ಟುವ ಒಂದು ವಸ್ತು ಮಿದುಳನ್ನು ಶಾಂತವಾಗಿಡುತ್ತದೆ. ಮಾಸು ಬಿದ್ದ ಎರಡು ಮೂರು ದಿನಗಳಲ್ಲೇ ಎರಡೂ ಧೊಪ್ಪನೆ ಇಳಿಯುತ್ತವೆ. ಇದು ಎಲ್ಲ ಬಾಣಂತಿಯರಿಗೂ ಆಗುವಂಥದ್ದೇ, ಆದರೆ ಕೆಲವರ ಮಿದುಳು ಈ ಇಳಿತಕ್ಕೆ ಬೇಗ ಹೊಂದಿಕೊಳ್ಳುವುದಿಲ್ಲ. ಜೊತೆಗೆ ನಿದ್ದೆಗೆಟ್ಟ ರಾತ್ರಿಗಳು, ಹಿಂದೆ ಬಂದಿದ್ದ ಖಿನ್ನತೆ, 'ಮತ್ತೆ ಹೆಣ್ಣೇ?' ಎನ್ನುವ ಮನೆಯವರು.

ಮಗು ಮಲಗಿದಾಗಲಾದರೂ ನಿಮಗೆ ನಿದ್ದೆ ಬರುತ್ತದೆಯೇ? ಬಾರದೆ, ಅದು ಉಸಿರಾಡುತ್ತಿದೆಯೇ ಎಂದು ಪದೇ ಪದೇ ನೋಡುತ್ತಿದ್ದರೆ ಆತಂಕದ ಗುರುತು ಅದೇ. 'ಬಾಣಂತಿಗೆ ಇದೆಲ್ಲ ಇದ್ದದ್ದೇ' ಎಂಬ ಹಿರಿಯರ ಮಾತು ಇಲ್ಲಿ ನಡೆಯದು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇಲ್ಲದ ದನಿ ಕೇಳಿಸಿದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.