ಕ್ರಿಕೆಟ್ಟಿನ ರಾಗವೆನಿಸಿದ ಮೆಂಫಿಸ್‌ನ ವಾದನ

ಪ್ರಶ್ನೆ: ಬಿಬಿಸಿ ರೇಡಿಯೊದ ‘ಟೆಸ್ಟ್ ಮ್ಯಾಚ್ ಸ್ಪೆಷಲ್’ ವೀಕ್ಷಕ ವಿವರಣೆಯೊಂದಿಗೆ ಕೇಳಿಬರುವ ಉಲ್ಲಾಸದ ವಾದ್ಯಸಂಗೀತ ಯಾರದು? ಅದು ವೆಸ್ಟ್ ಇಂಡೀಸಿನದೆಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ನಿಮ್ಮ ಗೆಳೆಯರ ಊಹೆ ಸಹಜವಾದದ್ದೇ. ಆದರೆ ಅದು ಹುಟ್ಟಿದ್ದು ಅಮೆರಿಕದ ಮೆಂಫಿಸ್ ನಗರದಲ್ಲಿ. ಹೆಸರು ‘ಸೋಲ್ ಲಿಂಬೊ’; 1968ರಲ್ಲಿ ಅದನ್ನು ಹೊರತಂದವರು ಬೂಕರ್ ಟಿ. ಆಂಡ್ ದಿ ಎಂ.ಜಿ.ಸ್ ತಂಡದವರು. ಲಿಂಬೊ ಎಂಬುದು ಅಡ್ಡಗೋಲಿನಡಿ ಬೆನ್ನು ಬಾಗಿಸಿ ನುಸುಳುವ ಟ್ರಿನಿಡಾಡಿನ ಕುಣಿತ. ಮೇಲಾಗಿ ನಮ್ಮ ಕಾಷ್ಠತರಂಗದ ಹಾಗೆ ಮರದ ಪಟ್ಟಿಗಳ ಮೇಲೆ ಬಡಿದು ನುಡಿಸುವ ಮರಿಂಬಾ ವಾದ್ಯ ನಡುವೆ ಬಂದು, ಕೆರಿಬಿಯನ್ ದ್ವೀಪಗಳ ಸ್ಟೀಲ್ ಡ್ರಮ್ಮನ್ನೇ ನೆನಪಿಸುತ್ತದೆ. ಅದನ್ನು ನುಡಿಸಿದವರು ಟೆರಿ ಮ್ಯಾನಿಂಗ್.

ತಂಡದ ನಾಲ್ವರಲ್ಲಿ ಆರ್ಗನ್ನಿನ ಬೂಕರ್ ಟಿ. ಜೋನ್ಸ್ ಮತ್ತು ಡ್ರಮ್ಮಿನ ಅಲ್ ಜಾಕ್ಸನ್ ಕಪ್ಪು ಜನಾಂಗದವರು. ಗಿಟಾರಿನ ಸ್ಟೀವ್ ಕ್ರಾಪರ್ ಮತ್ತು ಬೇಸ್ ಗಿಟಾರಿನ ಡೊನಾಲ್ಡ್ ಡನ್ ಬಿಳಿಯರು. ವರ್ಣಭೇದ ಬೇರೂರಿದ್ದ ಊರಿನಲ್ಲಿ ಇವರು ಹಳೆಯ ಚಿತ್ರಮಂದಿರವೊಂದನ್ನೇ ಸ್ಟುಡಿಯೊ ಮಾಡಿಕೊಂಡಿದ್ದ ಸ್ಟ್ಯಾಕ್ಸ್ ಎಂಬ ಧ್ವನಿಮುದ್ರಣ ಕಂಪನಿಯ ನಿಲಯದ ವಾದ್ಯವೃಂದವಾಗಿ ದುಡಿಯುತ್ತಿದ್ದರು. 1967ರ ಡಿಸೆಂಬರಿನಲ್ಲಿ ಆ ಸಂಸ್ಥೆಯ ಅತಿ ಜನಪ್ರಿಯ ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1968ರ ಏಪ್ರಿಲ್ 4ರಂದು ಅದೇ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದರು. ತನ್ನ ರೆಕಾರ್ಡುಗಳನ್ನು ವಿತರಿಸುತ್ತಿದ್ದ ಅಟ್ಲಾಂಟಿಕ್ ಕಂಪನಿಯೊಂದಿಗಿನ ಒಪ್ಪಂದ ಮುರಿದಾಗ ಸ್ಟ್ಯಾಕ್ಸ್ ತನ್ನ ಹಳೆಯ ಧ್ವನಿಮುದ್ರಣಗಳ ಒಡೆತನವನ್ನೂ ಕಳೆದುಕೊಂಡಿತು. ಇಷ್ಟೆಲ್ಲ ಕಳೆದುಕೊಂಡವರ ಮನೆಯಿಂದ ಇಂಥ ಹಗುರವಾದ, ಬಿಸಿಲು ಕಾಯುವಂಥ ವಾದನ ಹೊರಬಂದಿತೆಂಬುದು ನನ್ನನ್ನು ಈಗಲೂ ಕಾಡುತ್ತದೆ. ಅಮೆರಿಕದ ಪಾಪ್ ಪಟ್ಟಿಯಲ್ಲಿ ಅದು 17ನೇ ಸ್ಥಾನಕ್ಕೇರಿತು.

ಬಿಬಿಸಿ ಟೆಲಿವಿಷನ್ ಇದನ್ನು ತನ್ನ ಕ್ರಿಕೆಟ್ ಪ್ರಸಾರದ ರಾಗವಾಗಿ ಬಹುಕಾಲ ಬಳಸಿತು. 1999ರಲ್ಲಿ ಇಂಗ್ಲೆಂಡಿನ ತವರಿನ ಟೆಸ್ಟ್ ಪಂದ್ಯಗಳು ಚಾನೆಲ್ 4 ಎಂಬ ಬೇರೊಂದು ಟಿ.ವಿ. ವಾಹಿನಿಯ ಪಾಲಾದರೂ ರಾಗ ಕ್ರಿಕೆಟ್ಟನ್ನು ಬಿಡಲಿಲ್ಲ. ರೇಡಿಯೊ ಅದನ್ನು ಉಳಿಸಿಕೊಂಡಿತು. ಮಾತಿಲ್ಲದ ವಾದನವಾದ್ದರಿಂದಲೇ ಅದು ಹೀಗೆ ಊರು ಬದಲಿಸಲು ಸಾಧ್ಯವಾಯಿತೆಂದು ನಾನು ಭಾವಿಸುತ್ತೇನೆ: ಸಾಹಿತ್ಯವಿದ್ದಿದ್ದರೆ ಅದು ಮೆಂಫಿಸ್ಸಿಗೋ ಒಂದು ಪ್ರೇಮಕಥೆಗೋ ಅಂಟಿಕೊಂಡಿರುತ್ತಿತ್ತು.

ಪ್ರಸಾರದಲ್ಲಿ ಕೇಳುವುದು ಒಂದು ತುಣುಕು ಮಾತ್ರ. ಪೂರ್ಣ ಧ್ವನಿಮುದ್ರಣ ಸಿಕ್ಕರೆ, ಮರಿಂಬಾ ಮುನ್ನೆಲೆಗೆ ಬಂದಾಗ ಅದರ ಹಿಂದೆ ಒಂದಿಷ್ಟೂ ಅವಸರಪಡದೆ ನಡೆಯುವ ಅಲ್ ಜಾಕ್ಸನ್ನರ ಡ್ರಮ್ಮಿಗೆ ಕಿವಿಗೊಡಿ.