ಏಮಾರಿದವರ ಲೆಕ್ಕ

ಮಂಡ್ಯದಿಂದ ನಿವೃತ್ತ ಪ್ರೌಢಶಾಲಾ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ಸಾರ ಇಷ್ಟು: "ಅಮೆರಿಕದಲ್ಲಿ ಪರೀಕ್ಷೆ ಮಾಡಿದಾಗ ನೂರಕ್ಕೆ 73 ಸಲ ಜನ ಚಾಟ್‌ಬಾಟನ್ನೇ ಮನುಷ್ಯ ಅಂದರಂತೆ. ಈ ಪರೀಕ್ಷೆಯನ್ನು ಮೊದಲು ಯೋಚಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ ಕೇಳಿದ್ದು ಬರೀ 30. ಇಷ್ಟಾದ ಮೇಲೂ ಯಂತ್ರಕ್ಕೆ ಬುದ್ಧಿ ಇಲ್ಲ ಅನ್ನುವುದು ನಿಮ್ಮಂಥವರ ಹಟ ಅಲ್ಲವೇ? ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಮುಂದೆ ಇದನ್ನೇ ಮಾಡಿ ತೋರಿಸಬೇಕು ಅಂತಿದ್ದೇನೆ."

ಮೇಷ್ಟ್ರೇ, ಮೊದಲು ಒಂದು ಶಹಬ್ಬಾಸ್. ಅಂಕಿ ತಪ್ಪಿಲ್ಲ. ಆದರೆ ಆ ಪರೀಕ್ಷೆಯ ಫಲಿತಾಂಶದ ಕೋಷ್ಟಕದ ಮೇಲಿನ ಸಾಲು ಓದಿ ಪುಸ್ತಕ ಮುಚ್ಚಿಬಿಟ್ಟಿದ್ದೀರಿ. ಈ ತಪ್ಪನ್ನು ಹುಡುಗರು ಮಾಡಿದ್ದರೆ ನೀವೇ ಕಿವಿ ಹಿಂಡುತ್ತಿದ್ದಿರಿ.

ಅದು 2025ರಲ್ಲಿ ಹೊರಬಂದ ಪ್ರಯೋಗ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋನ್ಸ್ ಮತ್ತು ಬರ್ಗನ್ ಮಾಡಿದ್ದು. ತೀರ್ಪುಗಾರ ಒಂದೇ ಹೊತ್ತಿಗೆ ಇಬ್ಬರ ಜೊತೆ ಐದು ನಿಮಿಷ ಟೈಪ್ ಮಾಡಿ ಹರಟಬೇಕು. ಒಬ್ಬ ಮನುಷ್ಯ, ಇನ್ನೊಂದು ಯಂತ್ರ. ಕೊನೆಗೆ ಮನುಷ್ಯ ಯಾರು ಅಂತ ಹೇಳಬೇಕು. 73 ಬಂದದ್ದು ಓಪನ್‌ಎಐ ಕಂಪನಿಯ ಜಿಪಿಟಿ-4.5 ಅನ್ನುವ ಚಾಟ್‌ಬಾಟಿಗೆ, ಅದೂ ಮೊದಲೇ ಒಂದು ವೇಷ ಹಾಕಿಸಿದ ಮೇಲೆ: ನೀನು ಸಂಕೋಚದ ಯುವಕ, ಇಂಟರ್ನೆಟ್ ಸಂಸ್ಕೃತಿ ಬಲ್ಲವನು, ಆಡುಮಾತು ಬಳಸು ಅಂತ. ಆ ಸೂಚನೆ ತೆಗೆದು ಅದೇ ಯಂತ್ರವನ್ನು ಕೂರಿಸಿದರು. 36ಕ್ಕೆ ಇಳಿಯಿತು. ಒಂದು ಪುಟದ ಸೂಚನೆ ತೆಗೆದರೆ ಯಾರ ಬುದ್ಧಿಯೂ ಅರ್ಧಕ್ಕೆ ಇಳಿಯುವುದಿಲ್ಲ. ಇಳಿದದ್ದು ಬಣ್ಣ.

ಕೋಷ್ಟಕದ ಕೆಳಗಿನ ಸಾಲುಗಳು ಇನ್ನೂ ಮಜವಾಗಿವೆ. ಹೋಲಿಕೆಗೆಂದು ಅವರು ಎಲೈಜಾ ಅನ್ನುವ ಹಳೇ ಪ್ರೋಗ್ರಾಮನ್ನೂ ಕೂರಿಸಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ್ದು. ಅದಕ್ಕೆ 23. ಅದೇ ಓಪನ್‌ಎಐನ ಇನ್ನೊಂದು ಚಾಟ್‌ಬಾಟು, ವೇಷವಿಲ್ಲದ ಜಿಪಿಟಿ-4ಓಗೆ 21. ಏಮಾರಿಸುವುದೇ ಬುದ್ಧಿ ಅಂದರೆ, ಅರವತ್ತು ವರ್ಷದ ಹಿಂದಿನ ಈ ಮುದುಕಿಯೇ ಜಾಣೆ ಅಂತ ನೀವು ಒಪ್ಪಬೇಕಾಗುತ್ತದೆ. ಒಪ್ಪುತ್ತೀರಾ?

ಎಲೈಜಾ ಹೇಗೆ ಮಾತಾಡುತ್ತಿತ್ತು ಅಂತ ಕನ್ನಡದಲ್ಲೇ ಕಟ್ಟಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. "ನನ್ನ ಮಗ ನನ್ನ ಮಾತು ಕೇಳಲ್ಲ" ಅಂತ ಟೈಪ್ ಮಾಡಿ. ಪ್ರೋಗ್ರಾಮಿನ ಪಟ್ಟಿಯಲ್ಲಿ "ನನ್ನ" ಇದ್ದಲ್ಲಿ "ನಿಮ್ಮ" ಹಾಕು, ಕೊನೆಗೆ ಒಂದು ಪ್ರಶ್ನೆ ಅಂಟಿಸು ಅಂತ ಬರೆದಿರುತ್ತದೆ. "ನಿಮ್ಮ ಮಗ ನಿಮ್ಮ ಮಾತು ಕೇಳಲ್ಲ ಅಂತ ಯಾಕೆ ಅನ್ನಿಸುತ್ತೆ?" ಎಷ್ಟು ಕರುಣೆ ಇದ್ದ ಹಾಗಿದೆ, ನೋಡಿ. ಈಗ "ನಾನು ಮದ್ದೂರಿಗೆ ಹೋಗ್ತೀನಿ" ಅನ್ನಿ. "ನೀವು ಮದ್ದೂರಿಗೆ ಹೋಗ್ತೀನಿ ಅಂತ ಯಾಕೆ ಅನ್ನಿಸುತ್ತೆ?" ಅಂತ ಬರುತ್ತದೆ, ಗುಟ್ಟು ರಟ್ಟಾಗುತ್ತದೆ. ಇಂಗ್ಲಿಷಿನಲ್ಲಿ ನಾನು ಹೋದರೂ ನೀನು ಹೋದರೂ ಕ್ರಿಯಾಪದ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಬಾಲ ಬದಲಾಗುತ್ತದೆ. "ತೀನಿ" ಕತ್ತರಿಸಿ "ತೀರ" ಅಂಟಿಸುವ ನಿಯಮ ಬೇರೆ ಬೇಕು, ನೀನು ಅನ್ನಬೇಕೋ ನೀವು ಅನ್ನಬೇಕೋ ಅನ್ನುವುದಕ್ಕೆ ಇನ್ನೊಂದು. ನಿಯಮ ಸೇರಿಸುತ್ತ ಹೋದರೆ ಗುಟ್ಟು ಇನ್ನಷ್ಟು ಹೊತ್ತು ಮುಚ್ಚಿರುತ್ತದೆ, ಅಷ್ಟೇ. ಆದರೂ ವೈಜೆನ್‌ಬಾಮ್ ಅವರ ಸೆಕ್ರೆಟರಿ, ಅದು ಬರೀ ಪ್ರೋಗ್ರಾಮು ಅಂತ ತಿಳಿದಿದ್ದೂ, ಅದರ ಜೊತೆ ಮಾತಾಡುವಾಗ ಅವರನ್ನು ಕೋಣೆಯಿಂದ ಆಚೆ ಹೋಗಲು ಹೇಳಿದರಂತೆ.

ಟ್ಯೂರಿಂಗ್ ವಿಷಯಕ್ಕೆ ಬರೋಣ. 30 ಪಾಸ್ ಮಾರ್ಕಲ್ಲ ಮೇಷ್ಟ್ರೇ, ಅದು ಭವಿಷ್ಯವಾಣಿ. 1950ರ ಲೇಖನದಲ್ಲಿ ಅವರು ಬರೆದದ್ದು, ಇನ್ನು ಐವತ್ತು ವರ್ಷದಲ್ಲಿ, ಐದು ನಿಮಿಷ ಪ್ರಶ್ನೆ ಕೇಳಿದ ಸಾಮಾನ್ಯ ತೀರ್ಪುಗಾರ ಸರಿಯಾಗಿ ಗುರುತಿಸುವ ಸಾಧ್ಯತೆ ನೂರಕ್ಕೆ 70 ದಾಟುವುದಿಲ್ಲ, ಅಂದರೆ ನೂರಕ್ಕೆ 30 ಸಲವಾದರೂ ಏಮಾರುತ್ತಾನೆ ಅಂತ. ಅದೇ ಲೇಖನದಲ್ಲಿ ಒಂದು ಕೂಡುವ ಲೆಕ್ಕವಿದೆ: 34957ಕ್ಕೆ 70764 ಕೂಡಿಸು. ಉತ್ತರ ಬರುವುದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ: 105621. ನೀವೇ ಕೂಡಿ ನೋಡಿ, 105721 ಬರಬೇಕು. ಯಂತ್ರ ಬೇಕಂತಲೇ ತಪ್ಪು ಮಾಡಿ ತೀರ್ಪುಗಾರನನ್ನು ದಾರಿ ತಪ್ಪಿಸುತ್ತದೆ ಅಂತಲೂ ಮುಂದೆ ಅವರೇ ಹೇಳುತ್ತಾರೆ. ಆಟ ಹುಟ್ಟಿದ್ದೇ ಹಾಗೆ. ಗೆಲ್ಲಬೇಕಾದರೆ ಲೆಕ್ಕ ಬಂದರೂ ಬಾರದವನ ಹಾಗೆ ನಟಿಸಬೇಕು.

2014ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 30 ತೀರ್ಪುಗಾರರಲ್ಲಿ 10 ಜನರನ್ನು ಏಮಾರಿಸಿದ ಯೂಜೀನ್ ಗೂಸ್ಟ್‌ಮನ್ ಅನ್ನುವ ಪ್ರೋಗ್ರಾಮು ಕೂಡ ಇದೇ ದಾರಿ ಹಿಡಿದದ್ದು. ಹದಿಮೂರು ವರ್ಷದ ಉಕ್ರೇನಿನ ಹುಡುಗ ಅನ್ನುವ ವೇಷ. ಗೊತ್ತಿಲ್ಲ ಅಂದರೆ ಪಾಪ ಹುಡುಗ, ಭಾಷೆ ತಪ್ಪಿದರೆ ಪಾಪ ಪರದೇಶದವನು. ಇನ್ನು ಇಂಥದೇ ಪರೀಕ್ಷೆಯ ಸ್ಪರ್ಧೆಯಾದ ಲೋಬ್ನರ್ ಸ್ಪರ್ಧೆ 1991ರಲ್ಲಿ ಮೊದಲ ಸಲ ನಡೆದಾಗ, ಯಂತ್ರಗಳ ಜೊತೆ ಮನುಷ್ಯರ ಪರವಾಗಿ ಕೂತಿದ್ದ, ಶೇಕ್ಸ್‌ಪಿಯರನನ್ನು ಅರೆದು ಕುಡಿದಿದ್ದ ಹೆಂಗಸೊಬ್ಬರನ್ನು ಕೆಲವು ತೀರ್ಪುಗಾರರು ಯಂತ್ರ ಅಂದರು. ಇಷ್ಟೆಲ್ಲ ಮನುಷ್ಯರಿಗೆ ಹೇಗೆ ಗೊತ್ತಿರುತ್ತದೆ ಅನ್ನುವುದು ಅವರ ತರ್ಕ. ಏಮಾರಿಸಿದ್ದಕ್ಕೆ ಯಂತ್ರಕ್ಕೆ ಬುದ್ಧಿ ಕೊಟ್ಟರೆ, ನಂಬಿಸಲಾಗದ್ದಕ್ಕೆ ಆಯಮ್ಮನ ಬುದ್ಧಿ ಕಿತ್ತುಕೊಳ್ಳಬೇಕೇ?

ನಿಮ್ಮ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ಎದುರಿಗಿರುವ ಮನುಷ್ಯನಿಗೆ ಬುದ್ಧಿ ಇದೆ ಅಂತ ನಾವು ತಿಳಿಯುವುದೂ ಅವನ ಮಾತು, ನಡತೆಯಿಂದಲೇ. ತಲೆ ತೆರೆದು ಯಾರೂ ನೋಡಿಲ್ಲ. ಈ ಯಂತ್ರಗಳು ಅನುವಾದ ಮಾಡುತ್ತವೆ, ಪ್ರೋಗ್ರಾಮು ಬರೆಯುತ್ತವೆ, ಅದು ಸಣ್ಣ ಕೆಲಸವಲ್ಲ. ಆದರೆ ಆ ವಾದ ಆ ಕೆಲಸಗಳ ಮೇಲೆ ನಿಲ್ಲಲಿ, ಐದು ನಿಮಿಷದ ಹರಟೆಯ ಮೇಲೆ ಬೇಡ.

ನಿಮ್ಮೂರಿನ ಬೆಲ್ಲವನ್ನೇ ತೆಗೆದುಕೊಳ್ಳಿ. ಮಂಡಿಯಲ್ಲಿ ಬೆಲೆ ಕಟ್ಟುವುದು ಮುಖ್ಯವಾಗಿ ಬಣ್ಣ ನೋಡಿ. ಕೊಪ್ಪರಿಗೆಗೆ ಹೈಡ್ರೋಸ್ ಅನ್ನುವ ರಾಸಾಯನಿಕ ಬಿದ್ದರೆ ಅಚ್ಚು ಹಳದಿಯಾಗಿ ಫಳಫಳ ಅನ್ನುತ್ತದೆ, ನಾಲ್ಕು ದಿನ ಗಾಳಿ ಆಡಿದರೆ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಬೆಲ್ಲ ಕಂದು ಬಣ್ಣದ್ದು, ಹರಾಜಿನಲ್ಲಿ ಹಿಂದೆ ಬೀಳುತ್ತದೆ. ಆಲೆಮನೆಯಲ್ಲಿ ಹದ ನೋಡುವವನು ಮಾತ್ರ ಬಣ್ಣ ನಂಬುವುದಿಲ್ಲ. ಪಾಕವನ್ನು ಒಂದು ಚೂರು ತಣ್ಣೀರಿಗೆ ಬಿಡುತ್ತಾನೆ, ಬೆರಳಲ್ಲಿ ಉಂಡೆ ಕಟ್ಟಿ ಪಾತ್ರೆಗೆ ಹೊಡೆಯುತ್ತಾನೆ, ಟಣ್ ಅಂದರೆ ಇಳಿಸುತ್ತಾನೆ. ಹರಟೆಯ ಪರೀಕ್ಷೆ ಮಂಡಿಯ ಪರೀಕ್ಷೆ. ತಣ್ಣೀರು ಬೇರೆ ಹುಡುಕಬೇಕು.

ಕನ್ನಡದಲ್ಲಿ ತಣ್ಣೀರು ಬೇಕಾದಷ್ಟಿದೆ. ಭಾಮಿನಿ ಷಟ್ಪದಿ ಒಂದು ಕೇಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 3, 4, 3, 4 ಮಾತ್ರೆಯ ಗಣ. ಮೂರು, ಆರನೆಯ ಸಾಲಿಗೆ ಅದರ ಒಂದೂವರೆ ಪಟ್ಟು, ಕೊನೆಗೊಂದು ಗುರು. ಎಲ್ಲ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನ. "ಮಂಡ್ಯ" ಮೂರು ಮಾತ್ರೆ, ಒಂದು ಗಣಕ್ಕೆ ನೀಟಾಗಿ ಕೂರುತ್ತದೆ. "ಮೈಸೂರು" ಐದು, ಎರಡು ಗಣಕ್ಕೆ ಒಡೆದೇ ಹಾಕಬೇಕು. ನಮ್ಮ ಕಿವಿಗೆ ಮಂಡ್ಯ ಎರಡು ಅಕ್ಷರ. ಕಂಪ್ಯೂಟರಿಗೆ ಅದು ಐದು ಸಂಕೇತ, ಹದಿನೈದು ಬೈಟು. ಚಾಟ್‌ಬಾಟು ಅದನ್ನು ತನ್ನ ಅನುಕೂಲಕ್ಕೆ ತುಂಡು ಮಾಡಿಕೊಂಡು ಓದುತ್ತದೆ, ಆ ತುಂಡಿಗೂ ನಮ್ಮ ಲಘು ಗುರುವಿಗೂ ನೇರ ಸಂಬಂಧವಿಲ್ಲ. ಹಾಗಾಗಿ ಲೆಕ್ಕ ತಪ್ಪುವುದು ಸುಲಭ. ಅದಕ್ಕಿಂತ ದೊಡ್ಡ ಅಪಾಯ ತೀರ್ಪುಗಾರನದು: ನಾಲ್ಕು ಹಳೇ ಪದ ಕಂಡರೆ ಬೆರಳು ಮಡಿಸಿ ಎಣಿಸದೆಯೇ ತಲೆದೂಗುತ್ತಾನೆ.

ನಮ್ಮ ರೋಗವೂ ಅದೇ. ವೇದಿಕೆ ಮೇಲೆ ನಿರರ್ಗಳವಾಗಿ ಮಾತಾಡಿದವನು ಪಂಡಿತ, ತಡವರಿಸಿದವನು ದಡ್ಡ. ಉತ್ತರ ಪತ್ರಿಕೆಯಲ್ಲಿ ಗೈಡಿನ ವಾಕ್ಯ ಕೆಳಗೆರೆ ಎಳೆದು ಬರೆದವನಿಗೆ ಪೂರ್ತಿ ಅಂಕ. ಸ್ವಂತ ಮಾತಲ್ಲಿ ಬರೆದ ಹುಡುಗಿಗೆ, ಕೀ ಉತ್ತರಕ್ಕೆ ಹೊಂದಲಿಲ್ಲ ಅಂತ ಅರ್ಧ. ಮೂವತ್ತು ವರ್ಷ ಇಂಥ ಪತ್ರಿಕೆ ತಿದ್ದಿದ ಇಲಾಖೆಯಿಂದ ಬಂದವರು ನೀವು. ಯಂತ್ರದ ನಯವಾದ ವಾಕ್ಯಕ್ಕೆ ನೀವು ಸೋತದ್ದರಲ್ಲಿ ಆಶ್ಚರ್ಯವಿಲ್ಲ. (ಕೋಪ ಬೇಡ, ಸಂಪಾದಕರೂ ಸೋಲುತ್ತಾರೆ.)

ವಾರ್ಷಿಕೋತ್ಸವದ ಪ್ರಯೋಗ ಖಂಡಿತ ಮಾಡಿ, ಸರಿಯಾಗಿ ಮಾಡಿ. ಉತ್ತರ ಕೊಡುವ ಹುಡುಗ ಬೇರೆ ಶಾಲೆಯವನಾಗಲಿ, ಇಲ್ಲದಿದ್ದರೆ ಗೆಳೆಯರು ಮಾತಿನ ಧಾಟಿಯಲ್ಲೇ ಹಿಡಿಯುತ್ತಾರೆ. ಅವನ ಉತ್ತರವನ್ನೂ ಯಂತ್ರದ ಉತ್ತರವನ್ನೂ ಪಕ್ಕದ ಕೋಣೆಯಲ್ಲಿ ಒಬ್ಬನೇ ಟೈಪ್ ಮಾಡಲಿ, ಕಾಗುಣಿತ ತಿದ್ದಬಾರದು. ಎರಡಕ್ಕೂ 40 ಸೆಕೆಂಡ್ ಕಾಯಿಸಿ, ಎರಡು ಸಾಲು ಮೀರದಿರಲಿ. ಯಂತ್ರದ ವೇಗ, ಉದ್ದ ಎರಡೂ ಅದನ್ನು ಬಿಟ್ಟುಕೊಡುತ್ತವೆ. ಯಾರು ಎಡಗಡೆ ಅನ್ನುವುದಕ್ಕೆ ಪ್ರತಿ ಸಲ ನಾಣ್ಯ ಚಿಮ್ಮಿ. ಹತ್ತು ಸುತ್ತಿಗೆ ನಿಲ್ಲಿಸಬೇಡಿ. ಕಣ್ಣು ಮುಚ್ಚಿ ಊಹಿಸಿದರೂ ಹತ್ತಕ್ಕೆ ಏಳೋ ಹೆಚ್ಚೋ ಬರುವ ಸಾಧ್ಯತೆ ನೂರಕ್ಕೆ 17 ಇರುತ್ತದೆ. ಮೂವತ್ತು ಸುತ್ತಿನಲ್ಲಿ 21ೋ ಹೆಚ್ಚೋ ಬರುವುದು ನೂರಕ್ಕೆ 2 ಮಾತ್ರ. ಅರ್ಧ ಸುತ್ತು ವೇಷ ಹಾಕಿಸಿ, ಅರ್ಧ ಸುತ್ತು ಹಾಕಿಸದೆ ಮಾಡಿ. ಪ್ರತಿ ಮಗುವೂ ಯಾಕೆ ಹಾಗೆ ಅನ್ನಿಸಿತು ಅಂತ ಒಂದು ಚೀಟಿಯಲ್ಲಿ ಬರೆಯಲಿ. ಆ ಚೀಟಿಗಳನ್ನು ನಮಗೆ ಕಳಿಸಿಕೊಡಿ. ಎಷ್ಟು ಜನ ಏಮಾರಿದರು ಅನ್ನುವ ಪಟ್ಟಿ ನಿಮ್ಮಲ್ಲೇ ಇರಲಿ.